ಪಂಪನ ‘ತೆಂಕಣ ಗಾಳಿ’ ಪದ್ಯದಲ್ಲಿ ನೆನಪು ಎಲ್ಲಿದೆ? ಛಂದಸ್ಸು, ಪ್ರಾಸ, ಪುನರಾವರ್ತನೆ ಬಗ್ಗೆ ಚರ್ಚೆ

ಲಘು_ಗುರು

ಎಲ್ಲರಿಗೂ ನಮಸ್ಕಾರ. ‘ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ’ ಅನ್ನುವ ಸಾಲು ಕೇಳದ ಕನ್ನಡಿಗರು ಕಡಿಮೆ. ರಾಜ್ಯೋತ್ಸವದ ಭಾಷಣದಲ್ಲಿ, ಬ್ಯಾನರಿನಲ್ಲಿ, ಶಾಲೆಯ ಗೋಡೆಯ ಮೇಲೆ, ಎಲ್ಲ ಕಡೆ ಇದೆ. ಆದರೆ ಅದು ಒಂದು ಪದ್ಯದ ನಾಲ್ಕನೇ ಸಾಲು. ಅದೊಂದನ್ನೇ ಕಿತ್ತು ತಂದಾಗ ನಾಡಿನ ಅಭಿಮಾನದ ಘೋಷಣೆ ಥರ ಕೇಳುತ್ತದೆ. ಪೂರ್ತಿ ಓದಿದರೆ ಅದು ನೆನಪಿನ ಪದ್ಯ. ನೆನಪು ಹೇಗೆ ಬರುತ್ತದೆ, ಯಾವುದರಿಂದ ಬರುತ್ತದೆ, ತಡೆದರೆ ನಿಲ್ಲುತ್ತದಾ ಅನ್ನುವುದೇ ಅದರ ವಿಷಯ.

ಪದ್ಯ ಇದು. ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೇ ಆಶ್ವಾಸದಲ್ಲಿ (ಅಧ್ಯಾಯದಲ್ಲಿ) ಬರುತ್ತದೆ, ಕಾವ್ಯ ಮುಗಿದದ್ದು ಕ್ರಿ.ಶ. 941ರಲ್ಲಿ:

ತೆಂಕಣ ಗಾಳಿ ಸೋಂಕಿದೊಡಮೊಳ್ನುಡಿಗೇಳ್ದೊಡಮಿಂಪನಾಳ್ದ ಗೇ-
ಯಂ ಕಿವಿವೊಕ್ಕೊಡಂ ಬಿರಿದ ಮಲ್ಲಿಗೆಗಂಡೊಡಮಾದ ಕೆಂದಲಂ-
ಪಂ ಗೆಡೆಗೊಂಡೊಡಂ ಮಧುಮಹೋತ್ಸವಮಾದೊಡಮೇನನೆಂಬೆನಾ-
ರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ

ಹಳೆಗನ್ನಡ ಕಷ್ಟ ಅನ್ನುವವರಿಗೆ ಸ್ಥೂಲವಾಗಿ ಹೇಳುತ್ತೇನೆ. ದಕ್ಷಿಣದ ಗಾಳಿ ತಾಕಿದರೂ, ಒಳ್ಳೆ ಮಾತು ಕೇಳಿದರೂ, ಇಂಪಾದ ಹಾಡು ಕಿವಿಗೆ ಬಿದ್ದರೂ, ಬಿರಿದ ಮಲ್ಲಿಗೆ ಕಂಡರೂ, ಒಲಿದವರ ಕೂಟದ ಸುಖ ಒದಗಿದರೂ, ವಸಂತದ ಹಬ್ಬ ಬಂದರೂ, ಏನು ಹೇಳಲಿ, ಯಾರು ಅಂಕುಶ ಇಟ್ಟರೂ ನನ್ನ ಮನಸ್ಸು ಬನವಾಸಿ ನಾಡನ್ನು ನೆನೆಯುತ್ತದೆ.

ಅರ್ಥದ ಬಗ್ಗೆ ಬೇಕಾದಷ್ಟು ಬರವಣಿಗೆ ಬಂದಿದೆ. ಇದರ ಕಟ್ಟಡದ ಬಗ್ಗೆ ಇಲ್ಲಿ ಮಾತಾಡೋಣ ಅನ್ನಿಸಿತು. ಸಾವಿರ ವರ್ಷಕ್ಕೂ ಹಿಂದಿನ ಪದ್ಯ, ಅರ್ಧ ಪದಗಳು ಈಗ ಬಳಕೆಯಲ್ಲಿಲ್ಲ. ಆದರೂ ಒಂದು ಸಲ ಜೋರಾಗಿ ಓದಿದರೆ ಬಾಯಲ್ಲಿ ಕೂತುಬಿಡುತ್ತದೆ. ಯಾಕೆ?

ಹೊಸ_ಓದುಗ

ಒಳ್ಳೆ ವಿಷಯ ಸರ್. ನನ್ನದು ತೀರಾ ಮೊದಲನೇ ಹಂತದ ಪ್ರಶ್ನೆ. ಇದರಲ್ಲಿ ಪ್ರಾಸ ಎಲ್ಲಿದೆ? ಸಾಲುಗಳ ಕೊನೆ ನೋಡಿದೆ: ಗೇ, ಲಂ, ನಾ, ಮಂ. ಒಂದಕ್ಕೊಂದು ಹೊಂದುವುದಿಲ್ಲ. ಮೇಲಾಗಿ ಪದಗಳೇ ಅರ್ಧಕ್ಕೆ ತುಂಡಾಗಿವೆ. ಭಾವಗೀತೆ ಕೇಳಿ ಬೆಳೆದ ನನ್ನಂಥವರಿಗೆ ಪ್ರಾಸ ಅಂದರೆ ಸಾಲಿನ ಕೊನೆ ಅಲ್ವಾ?

ಲಘು_ಗುರು

ಹಳೆಗನ್ನಡದಲ್ಲಿ ಪ್ರಾಸದ ಜಾಗ ಸಾಲಿನ ತಲೆ. ಪ್ರತಿ ಸಾಲಿನ ಎರಡನೇ ಅಕ್ಷರ ನೋಡಿ. ತೆಂಕ, ಯಂ ಕಿ, ಪಂ ಗೆ, ರಂಕು. ಇದನ್ನು ಆದಿಪ್ರಾಸ ಅಥವಾ ದ್ವಿತೀಯಾಕ್ಷರ ಪ್ರಾಸ ಅನ್ನುತ್ತಾರೆ. ಎರಡನೇ ಅಕ್ಷರದ ವ್ಯಂಜನ ಎಲ್ಲ ಸಾಲಿನಲ್ಲೂ ಒಂದೇ ಇರಬೇಕು, ಅದರ ಹಿಂದಿನ ಅಕ್ಷರದ ಸ್ವಭಾವವೂ ಒಂದೇ ಇರಬೇಕು. ಇಲ್ಲಿ ನಾಲ್ಕೂ ಸಾಲಿನ ಮೊದಲ ಅಕ್ಷರಕ್ಕೆ ಬಿಂದು, ಅಂದರೆ ಅನುಸ್ವಾರ ಇದೆ. ಆರು ಬಗೆಯ ಪ್ರಾಸಗಳಿಗೆ ನಮ್ಮವರು ಪ್ರಾಣಿಗಳ ಹೆಸರು ಇಟ್ಟಿದ್ದಾರೆ: ಸಿಂಹ, ಗಜ, ವೃಷಭ, ಶರಭ, ಅಜ, ಹಯ. ಹಿಂದಿನ ಅಕ್ಷರ ಹ್ರಸ್ವ ಇದ್ದರೆ ಸಿಂಹ, ದೀರ್ಘ ಇದ್ದರೆ ಗಜ, ಬಿಂದು ಇದ್ದರೆ ವೃಷಭ. ಹಾಗಾಗಿ ಇದು ವೃಷಭಪ್ರಾಸ.

ಮೂರನೇ ಸಾಲಿನಲ್ಲಿ ಮಾತ್ರ ‘ಕ’ ಇರಬೇಕಾದ ಕಡೆ ‘ಗ’ ಇದೆ ಅಂತ ಯಾರಾದರೂ ಕೇಳುವ ಮುಂಚೆ ಹೇಳುತ್ತೇನೆ. ಎರಡೂ ಕವರ್ಗದ ಅಕ್ಷರ. ಬಿಂದುವಿನ ಪಕ್ಕ ಓದುವಾಗ ಕಿವಿಗೆ ಅಷ್ಟೇನೂ ಎಡವಿದ ಹಾಗೆ ಅನ್ನಿಸುವುದಿಲ್ಲ. ಜೋರಾಗಿ ಓದಿ ನೋಡಿ.

ಮುಖ್ಯ ಮಾತು ಇನ್ನೊಂದಿದೆ. ಪ್ರಾಸ ಸಾಲಿನ ಕೊನೆಯಲ್ಲಿದ್ದರೆ ಅಲ್ಲಿ ನಿಲ್ಲಲೇಬೇಕು. ಪ್ರಾಸ ತಲೆಯಲ್ಲಿದ್ದರೆ ಸಾಲಿನ ಕೊನೆ ಖಾಲಿ ಇರುತ್ತದೆ, ಕವಿ ನಿಲ್ಲದೆ ಮುಂದಕ್ಕೆ ಹೋಗಬಹುದು. ನೀವು ‘ಪದ ತುಂಡಾಗಿದೆ’ ಅಂದಿರಲ್ಲ, ಅದೇ ಈ ಪದ್ಯದ ದೊಡ್ಡ ಗುಣ. ಗೇ|ಯಂ, ಅಲಂ|ಪಂ, ಆ|ರ್. ಮೂರೂ ಸಾಲಿನ ಕೊನೆಯಲ್ಲಿ ಒಂದು ಪದ ಅರ್ಧಕ್ಕೆ ನಿಂತಿದೆ, ಅದನ್ನು ಮುಗಿಸಬೇಕಾದರೆ ಮುಂದಿನ ಸಾಲಿಗೆ ಹೋಗಲೇಬೇಕು. ಹೋದ ತಕ್ಷಣ ಅದೇ ‘ಂಕ’ ಸದ್ದು ಎದುರಾಗುತ್ತದೆ. ನಾಲ್ಕನೇ ಸಾಲಿನ ಕೊನೆಗೆ ‘ದೇಶಮಂ’ ಅಂದಾಗ ಮಾತ್ರ ಪದ ಪೂರ್ತಿ, ವಾಕ್ಯ ಪೂರ್ತಿ, ಉಸಿರೂ ಪೂರ್ತಿ.

ಪಾಠ_ಹೇಳುವವಳು

ನಾನು ಪಿಯುಸಿ ಮಕ್ಕಳಿಗೆ ಕನ್ನಡ ಪಾಠ ಹೇಳುತ್ತೇನೆ. ಛಂದಸ್ಸು ಅಂದರೆ ಮಕ್ಕಳು ಅಂಕಕ್ಕೆ ಪ್ರಸ್ತಾರ ಹಾಕುವುದು (ಲಘು, ಗುರು ಗುರುತು ಹಾಕಿ ಸಾಲು ಒಡೆಯುವುದು), ಗಣ (ಮೂರು ಅಕ್ಷರದ ಗುಂಪು) ಗುರುತಿಸುವುದು, ಹೆಸರು ಬರೆಯುವುದು. ಅಲ್ಲಿಗೆ ಮುಗಿಯಿತು. ಹೆಸರು ಬರೆದ ಮೇಲೆ ಏನು ಅಂತ ಯಾರೂ ಕೇಳುವುದಿಲ್ಲ, ಅದೇ ನನಗೆ ಬೇಜಾರು. ಇಲ್ಲಿ ಹಾಕಿಯೇ ಬಿಡುತ್ತೇನೆ, ಚರ್ಚೆಗೆ ಅನುಕೂಲ ಆಗಲಿ.

ಇದು ಉತ್ಪಲಮಾಲಾ ವೃತ್ತ. ಸಾಲಿಗೆ 20 ಅಕ್ಷರ. ಭ ರ ನ ಭ ಭ ರ ಗಣಗಳು, ಕೊನೆಗೊಂದು ಲಘು (∪, ಒಂದು ಮಾತ್ರೆ), ಒಂದು ಗುರು (–, ಎರಡು ಮಾತ್ರೆ). ಲಕ್ಷಣದ ಸಾಲು ನೆನಪಿದ್ದರೆ ಸಾಕು: ‘ಉತ್ಪಲಮಾಲೆಯಪ್ಪುದು ಭರಂನಭಭಂರಲಗಂ ನೆಗಳ್ದಿರಲ್’. ಅದೂ ಉತ್ಪಲಮಾಲೆಯಲ್ಲೇ ಇದೆ.

– ∪ ∪ | – ∪ – | ∪ ∪ ∪ | – ∪ ∪ | – ∪ ∪ | – ∪ – | ∪ –

ಪದ್ಯವನ್ನು ಗಣಕ್ಕೆ ತಕ್ಕಂತೆ ಒಡೆದರೆ ಹೀಗೆ:

ತೆಂಕಣ | ಗಾಳಿ ಸೋಂ | ಕಿದೊಡ | ಮೊಳ್ನುಡಿ | ಗೇಳ್ದೊಡ | ಮಿಂಪನಾ | ಳ್ದ ಗೇ
ಯಂ ಕಿವಿ | ವೊಕ್ಕೊಡಂ | ಬಿರಿದ | ಮಲ್ಲಿಗೆ | ಗಂಡೊಡ | ಮಾದ ಕೆಂ | ದಲಂ
ಪಂ ಗೆಡೆ | ಗೊಂಡೊಡಂ | ಮಧುಮ | ಹೋತ್ಸವ | ಮಾದೊಡ | ಮೇನನೆಂ | ಬೆನಾ
ರಂಕುಸ | ಮಿಟ್ಟೊಡಂ | ನೆನೆವು | ದೆನ್ನ ಮ | ನಂ ಬನ | ವಾಸಿ ದೇ | ಶಮಂ

ಒಂದು ಅಕ್ಷರ ಕೂಡ ಆಚೀಚೆ ಇಲ್ಲ. ಮಾತ್ರೆ ಎಣಿಸಿದರೆ ಪ್ರತಿ ಸಾಲಿಗೆ 28.

ಮೂರನೇ ಗಣ ಗಮನಿಸಿ. ಇಡೀ ಸಾಲಿನಲ್ಲಿ ಮೂರು ಲಘು ಒಟ್ಟಿಗೆ ಬರುವ ಜಾಗ ಅದೊಂದೇ. ನಾಲಿಗೆ ಅಲ್ಲಿ ಜಾರುತ್ತದೆ. ಕೊನೆಯ ಸಾಲಿನಲ್ಲಿ ಆ ಜಾಗದಲ್ಲಿ ಏನಿದೆ? ‘ನೆನೆವು’. ಅದರ ಹಿಂದೆ ‘ಮಿಟ್ಟೊಡಂ’, ಒತ್ತಕ್ಷರ ಬಿದ್ದು ಭಾರವಾಗಿ ನಿಂತ ಗಣ. ಅಂಕುಶ ಒತ್ತಿ ಹಿಡಿದಿದೆ, ನೆನಪು ಅದರ ಕೆಳಗಿನಿಂದ ಚಕ್ಕನೆ ಹಾರಿಹೋಗಿದೆ. ಅರ್ಥ ಗೊತ್ತಿಲ್ಲದವನಿಗೂ ಈ ವೇಗದ ವ್ಯತ್ಯಾಸ ಕಿವಿಗೆ ತಿಳಿಯುತ್ತದೆ.

ಸಂಜೆ_ಓದು

ಮೇಡಂ, ಮನಸ್ಸಿನಲ್ಲಿ ಇದ್ದದ್ದನ್ನು ನೇರ ಹೇಳುತ್ತೇನೆ. ನನಗೆ ಈ ಥರದ ವಿಶ್ಲೇಷಣೆ ಕಂಡರೆ ಭಯ. ಪದ್ಯ ಓದಿದಾಗ ಆಗುವ ಅನುಭವ ಬೇರೆ, ಅದನ್ನು ಒಡೆದು ಚೌಕಟ್ಟಿನಲ್ಲಿ ಜೋಡಿಸಿದಾಗ ಕಾಣುವುದು ಬೇರೆ. ಊರು ಬಿಟ್ಟು ಬಂದವನಿಗೆ ಮಲ್ಲಿಗೆ ಕಂಡರೆ ಊರು ನೆನಪಾಗುತ್ತದೆ, ಅಷ್ಟೇ. ಇದಕ್ಕೆ ಭಗಣ ರಗಣ ಯಾಕೆ ಬೇಕು?

ಲಘು_ಗುರು

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ‘ಮಲ್ಲಿಗೆ ಕಂಡರೆ ಊರು ನೆನಪಾಗುತ್ತದೆ’ ಅಂತ ನೀವು ಗದ್ಯದಲ್ಲಿ ಹೇಳಿದಿರಿ. ನನಗೆ ಅರ್ಥ ಆಯಿತು, ಆದರೆ ನಾಳೆಗೆ ಆ ವಾಕ್ಯ ನನ್ನ ಬಾಯಲ್ಲಿ ಇರುವುದಿಲ್ಲ. ಪಂಪ ಹೇಳಿದ್ದು ಸಾವಿರದ ಎಂಬತ್ತು ವರ್ಷ ದಾಟಿ ಬಂದಿದೆ. ಹೇಳಿದ ಸಂಗತಿ ಒಂದೇ. ವ್ಯತ್ಯಾಸ ಇರುವುದು ಹೇಳಿದ ರೀತಿಯಲ್ಲೇ. ಹಾಗಿದ್ದ ಮೇಲೆ ಆ ರೀತಿಯನ್ನು ಹತ್ತಿರದಿಂದ ನೋಡದೆ ಹೇಗೆ ಬಿಡುವುದು?

ಈಗ ಪುನರಾವರ್ತನೆಗೆ ಬರುತ್ತೇನೆ. ನಾನು ಈ ಚರ್ಚೆ ಶುರು ಮಾಡಿದ್ದೇ ಇದಕ್ಕೆ. ದಯವಿಟ್ಟು ಮೇಡಂ ಹಾಕಿದ ಪ್ರಸ್ತಾರ ಪಕ್ಕದಲ್ಲಿ ಇಟ್ಟುಕೊಂಡು ಓದಿ.

ಪದ್ಯದಲ್ಲಿ ‘ಒಡಂ’ ಏಳು ಸಲ ಬರುತ್ತದೆ. ಸೋಂಕಿದೊಡಂ, ಕೇಳ್ದೊಡಂ, ಪೊಕ್ಕೊಡಂ, ಕಂಡೊಡಂ, ಗೆಡೆಗೊಂಡೊಡಂ, ಆದೊಡಂ, ಇಟ್ಟೊಡಂ. ಈಗಿನ ಮಾತಿನಲ್ಲಿ ‘ತಾಕಿದರೂ, ಕೇಳಿದರೂ, ಕಂಡರೂ’ ಅನ್ನುವ ‘ಅರೂ’. ಇಷ್ಟು ಎಲ್ಲರಿಗೂ ಕಾಣುತ್ತದೆ. ಆದರೆ ಅದು ಯಾವ ಗಣದಲ್ಲಿ ಬಂದಿದೆ ಅಂತ ನೋಡಿ.

ಮೊದಲ ಸಾಲಿನ ಐದನೇ ಗಣ: ಗೇಳ್ದೊಡ. ಎರಡನೇ ಸಾಲಿನ ಐದನೇ ಗಣ: ಗಂಡೊಡ. ಮೂರನೇ ಸಾಲಿನ ಐದನೇ ಗಣ: ಮಾದೊಡ. ಒಂದರ ಕೆಳಗೆ ಒಂದು ನೇರವಾಗಿ ಕೂತಿವೆ.

ಇನ್ನು ಎರಡನೇ ಗಣ. ಎರಡನೇ ಸಾಲಿನಲ್ಲಿ ವೊಕ್ಕೊಡಂ, ಮೂರನೇ ಸಾಲಿನಲ್ಲಿ ಗೊಂಡೊಡಂ, ನಾಲ್ಕನೇ ಸಾಲಿನಲ್ಲಿ ಮಿಟ್ಟೊಡಂ. ಅವೂ ಒಂದರ ಕೆಳಗೆ ಒಂದು.

ಮೊಟ್ಟಮೊದಲ ‘ಸೋಂಕಿದೊಡಂ’ ಮಾತ್ರ ಮೂರನೇ ಗಣದಲ್ಲಿ, ಲಘುಗಳ ನಡುವೆ, ಗಾಳಿ ಸುಮ್ನೆ ಸವರಿ ಹೋದ ಹಾಗಿದೆ. ಮಿಕ್ಕ ಆರೂ ಎರಡು ಕಂಬಗಳಾಗಿ ನಿಂತಿವೆ.

ಹೀಗಾದಾಗ ಕಿವಿ ಏನು ಮಾಡುತ್ತದೆ? ಮೂರು ಸಾಲು ಕೇಳಿದ ಮೇಲೆ ಅದಕ್ಕೆ ಅಭ್ಯಾಸ ಆಗಿರುತ್ತದೆ. ನಾಲ್ಕನೇ ಸಾಲು ಶುರುವಾಗುತ್ತದೆ, ಎರಡನೇ ಗಣದಲ್ಲಿ ‘ಇಟ್ಟೊಡಂ’ ಬಂದೇ ಬಂತು. ಐದನೇ ಗಣಕ್ಕೆ ಇನ್ನೊಂದು ‘ಒಡಂ’ ಬರಬೇಕು, ಕಿವಿ ಕಾಯುತ್ತಿದೆ. ಬರುವುದಿಲ್ಲ. ಆ ಜಾಗದಲ್ಲಿ ಇರುವುದು ‘ನಂ ಬನ’. ಮನಂ ಅನ್ನುವ ಪದದ ಬಾಲ, ಬನವಾಸಿಯ ತಲೆ. ಪಂಪ ಮೂರು ಸಾಲಿನಿಂದ ಸಿದ್ಧಮಾಡಿಕೊಂಡು ಬಂದ ಜಾಗ ಅದು. ಗಾಳಿ, ಮಾತು, ಮಲ್ಲಿಗೆ, ಹಬ್ಬ ಎಲ್ಲ ಬಂದು ಸೇರುವ ಜಾಗದಲ್ಲಿ ಮನಸ್ಸೂ ಬನವಾಸಿಯೂ ಒಂದೇ ಗಣದೊಳಗೆ ಇವೆ, ನಡುವೆ ಬಿಡುವೇ ಇಲ್ಲ.

‘ನನಗೆ ಬನವಾಸಿ ಅಂದರೆ ಪ್ರಾಣ’ ಅಂತ ಅವನು ಎಲ್ಲೂ ಹೇಳಿಲ್ಲ. ಹೇಳುವ ಅಗತ್ಯ ಬರಲಿಲ್ಲ.

ಹೊಸ_ಓದುಗ

ಈಗ ಪ್ರಸ್ತಾರ ನೋಡಿದೆ. ನಿಜ! ಐದನೇ ಕಂಬ ಮೇಲಿಂದ ಕೆಳಗೆ ಓದಿದರೆ ಕೇಳ್ದೊಡ, ಕಂಡೊಡ, ಆದೊಡ, ನಂ ಬನ. ಮೈ ಜುಮ್ಮೆಂದಿತು.

ತರ್ಕಕ್ಕೆ_ಒಂದು_ಮಾತು

ಲಘು_ಗುರು ಅವರೇ, ಓದಲು ಚೆನ್ನಾಗಿದೆ. ಆದರೆ ಇದು ಕವಿಯ ಉದ್ದೇಶವೋ ಆಕಸ್ಮಿಕವೋ? ವೃತ್ತ ಮೊದಲೇ ಕಟ್ಟುನಿಟ್ಟು. ‘ಕೇಳ್ದೊಡ’, ‘ಕಂಡೊಡ’ ಥರದ ಪದಗಳು ಗುರು ಲಘು ಲಘು ಇರುವ ಕಡೆ ಬಿಟ್ಟು ಬೇರೆಲ್ಲಿ ಕೂರಲು ಸಾಧ್ಯ? ಕೂತ ಜಾಗವೇ ಕೂತಿದೆ. ಅದಕ್ಕೆ ನಾವು ಆಮೇಲೆ ಅರ್ಥ ಹಚ್ಚುತ್ತಿದ್ದೇವೆ ಅಂತ ಅನುಮಾನ.

ಲಘು_ಗುರು

ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡದಿದ್ದರೆ ನನ್ನ ವಾದ ನಿಲ್ಲುವುದಿಲ್ಲ.

‘ಒಡಂ’ ಮುಂದೆ ವ್ಯಂಜನ ಬಂದರೆ ‘ಕಂಡೊಡಂ’ ಗುರು ಲಘು ಗುರು, ಅಂದರೆ ರಗಣ. ಸ್ವರ ಬಂದರೆ ‘ಕಂಡೊಡಮಾದ’ ಅಂತ ಕೂಡಿಕೊಂಡು ಗುರು ಲಘು ಲಘು, ಅಂದರೆ ಭಗಣ. ಉತ್ಪಲಮಾಲೆಯಲ್ಲಿ ಭಗಣ ಮೂರು ಕಡೆ ಇದೆ, ಒಂದು, ನಾಲ್ಕು, ಐದನೇ ಜಾಗ. ರಗಣ ಎರಡು ಕಡೆ, ಎರಡು ಮತ್ತು ಆರನೇ ಜಾಗ. ಒಟ್ಟು ಐದು ಕಡೆ ಇದನ್ನು ಕೂರಿಸಬಹುದು. ಒಂದನೇ ಗಣವನ್ನು ಆದಿಪ್ರಾಸ ಕಟ್ಟಿಹಾಕಿದೆ, ಬಿಡಿ. ಆದರೂ ನಾಲ್ಕನೇ ಗಣ, ಆರನೇ ಗಣ ಎರಡೂ ತೆರೆದೇ ಇವೆ. ಒಂದು ಸಲವೂ ಅಲ್ಲಿ ‘ಒಡಂ’ ಬಂದಿಲ್ಲ. ಮೊದಲ ‘ಸೋಂಕಿದೊಡಂ’ ಬಿಟ್ಟರೆ ಬಂದದ್ದೆಲ್ಲ ಎರಡರಲ್ಲಿ, ಐದರಲ್ಲಿ.

ಇನ್ನೊಂದು ಸೂಕ್ಷ್ಮ. ಐದನೇ ಗಣ ಭಗಣ ಆಗಬೇಕಾದರೆ ‘ಒಡಂ’ ಮುಂದಿನ ಪದ ಸ್ವರದಿಂದಲೇ ಶುರುವಾಗಬೇಕು. ಹಾಗೇ ಆಗಿದೆ: ಇಂಪನ್, ಆದ, ಏನನ್. ಇದರಿಂದ ಆರನೇ ಗಣ ಮೂರು ಸಾಲಿನಲ್ಲೂ ಮಕಾರದಿಂದ ಶುರು: ಮಿಂ, ಮಾ, ಮೇ. ಒಂದು ನೆನಪಿನ ತುದಿ ಮುಂದಿನದಕ್ಕೆ ಅಂಟಿಕೊಂಡೇ ಬರುತ್ತದೆ. ಕೊನೆಯ ಸಾಲಿನಲ್ಲಿ ಆ ಮಕಾರವೂ ಇಲ್ಲ, ಅಲ್ಲಿ ‘ವಾಸಿ ದೇ’.

ಪಂಪ ಕೂತು ಕಂಬ ಎಳೆದು ಲೆಕ್ಕ ಹಾಕಿದ ಅಂತ ನಾನು ಹೇಳುತ್ತಿಲ್ಲ. ವೃತ್ತ ರಕ್ತದಲ್ಲಿ ಇಳಿದವನಿಗೆ ಲೆಕ್ಕ ಬೇಕಾಗುವುದಿಲ್ಲ, ಕಿವಿಯೇ ಎಲ್ಲಿ ಏನು ಬರಬೇಕು ಅಂತ ಹೇಳುತ್ತದೆ. ಬರೆದವನ ಕಿವಿ ಒಪ್ಪಿದ್ದನ್ನೇ ಓದುವವನ ಕಿವಿಯೂ ಹಿಡಿಯುತ್ತದೆ. ನನಗೆ ಅಷ್ಟು ಸಾಕು.

ತರ್ಕಕ್ಕೆ_ಒಂದು_ಮಾತು

ನಾಲ್ಕು ಮತ್ತು ಆರು ಖಾಲಿ ಬಿಟ್ಟಿದ್ದು ನಾನು ನೋಡಿರಲಿಲ್ಲ. ಒಪ್ಪಿದೆ. ಹಾಗಾದರೆ ಆ ಏಳನೇ ‘ಒಡಂ’ ಬಗ್ಗೆಯೂ ಹೇಳಬೇಕು. ಅದು ಬೇರೆ ಆರರ ಥರದ್ದಲ್ಲ ಅಲ್ವಾ? ಗಾಳಿ ಸೋಂಕಿದ್ದರಿಂದ ನೆನಪು ಬರುತ್ತದೆ. ಅಂಕುಶ ಇಟ್ಟಿದ್ದರಿಂದ ನೆನಪು ಬರುವುದಿಲ್ಲ, ನಿಲ್ಲಬೇಕು. ಆದರೂ ನಿಲ್ಲುವುದಿಲ್ಲ.

ಪಾಠ_ಹೇಳುವವಳು

ಹೌದು, ಇದು ಬಹಳ ಒಳ್ಳೆಯ ಅಂಶ. ಮೊದಲ ಆರು ನೆನಪನ್ನು ಕರೆಯುವಂಥವು. ಏಳನೆಯದು ತಡೆಯುವಂಥದ್ದು. ಆದರೆ ಏಳಕ್ಕೂ ಪ್ರತ್ಯಯ ಒಂದೇ, ಏಳನೆಯದು ನಿಂತಿರುವುದೂ ಎರಡನೇ ಗಣದ ಅದೇ ಕಂಬದಲ್ಲಿ. ಗಾಳಿ ಬಂದರೂ ನೆನಪು, ಅಂಕುಶ ಬಂದರೂ ನೆನಪು. ತಡೆಯೂ ಕೊನೆಗೆ ಇನ್ನೊಂದು ನೆವ ಆಗಿಬಿಡುತ್ತದೆ. ಮರೆಯಬೇಕು ಅಂತ ಪ್ರಯತ್ನಪಟ್ಟಷ್ಟೂ ಜಾಸ್ತಿ ನೆನಪಾಗುವುದು ನಮಗೆಲ್ಲ ಗೊತ್ತಿರುವ ಅನುಭವ ತಾನೇ.

ಆರನೆಯದಕ್ಕೂ ಏಳನೆಯದಕ್ಕೂ ನಡುವೆ ‘ಏನನೆಂಬೆಂ’ ಇದೆ. ಏನು ಹೇಳಲಿ! ಪಟ್ಟಿ ಅಲ್ಲಿ ಕಡಿಯುತ್ತದೆ. ಒಂದೊಂದೇ ಸುಖ ಹೇಳುತ್ತಾ ಬಂದವನಿಗೆ ಇದು ಮುಗಿಯುವ ಪಟ್ಟಿ ಅಲ್ಲ ಅಂತ ಅನ್ನಿಸಿದ ಕ್ಷಣ. ಅಲ್ಲಿಂದ ಮುಂದೆ ಸುಖದ ಮಾತಿಲ್ಲ, ನೇರ ಅಂಕುಶ. ಆನೆಯನ್ನು ಹತೋಟಿಗೆ ತರುವ ಆಯುಧ. ಮನಸ್ಸನ್ನು ಆನೆ ಅಂತ ಅವನು ಬಾಯಿಬಿಟ್ಟು ಹೇಳುವುದೇ ಇಲ್ಲ, ಆಯುಧದ ಹೆಸರು ಹೇಳಿ ಸುಮ್ಮನಾಗುತ್ತಾನೆ.

ಗಮಕ_ಕೇಳುಗ

ತಡವಾಗಿ ಸೇರಿಕೊಳ್ಳುತ್ತಿದ್ದೇನೆ. ಕಿವಿಯ ಮಾತು ಬಂದಿದ್ದರಿಂದ ಬರೆಯಲೇಬೇಕು ಅನ್ನಿಸಿತು.

ಗಮಕಿಗಳು (ಕಾವ್ಯವನ್ನು ರಾಗವಾಗಿ ಓದುವವರು) ಇದನ್ನು ಹಾಡುವಾಗ ಸಾಲಿಗೆ ಸಾಲು ನಿಲ್ಲಿಸುವುದಿಲ್ಲ. ಅರ್ಥ ನೋಡಿಕೊಂಡು ‘ತೆಂಕಣ ಗಾಳಿ ಸೋಂಕಿದೊಡಂ’ ಅಂತ ಒಂದು ನಿಲುಗಡೆ, ‘ಒಳ್ನುಡಿಗೇಳ್ದೊಡಂ’ ಅಂತ ಇನ್ನೊಂದು. ಪದ ಬಿಡಿಸಿ ಹಾಡುತ್ತಾರೆ. ಆಗ ಪ್ರತಿ ನಿಲುಗಡೆಯ ಕೊನೆಯಲ್ಲೂ ‘ಒಡಂ’ ಬೀಳುತ್ತದೆ. ಅಂದರೆ ಕೇಳುವವನಿಗೆ ಅಂತ್ಯಪ್ರಾಸವೂ ಸಿಕ್ಕಿತು! ಬರಹದಲ್ಲಿ ನೋಡಿದರೆ ಆದಿಪ್ರಾಸದ ಪದ್ಯ, ಹಾಡಿದಾಗ ಅಂತ್ಯಪ್ರಾಸದ ಪದ್ಯ. ಹೊಸ_ಓದುಗ ಅವರು ಮೊದಲು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು. ಸಾಲಿನ ಕೊನೆಯಲ್ಲಿ ಪ್ರಾಸ ಹುಡುಕಬೇಡಿ, ಉಸಿರಿನ ಕೊನೆಯಲ್ಲಿ ಹುಡುಕಿ.

ನಿಲುಗಡೆಗಳ ಉದ್ದವೂ ಒಂದೇ ಅಲ್ಲ. ಒಳ್ನುಡಿ ಚಿಕ್ಕದು, ಹಾಡಿನ ತುಣುಕು ಉದ್ದ (ಇಂಪನಾಳ್ದ ಗೇಯಂ ಕಿವಿವೊಕ್ಕೊಡಂ), ಮಲ್ಲಿಗೆ ಮತ್ತೆ ಚಿಕ್ಕದು. ವೃತ್ತದ ಸಾಲು ಸಮ, ಮಾತಿನ ತುಣುಕು ವಿಷಮ. ಎರಡೂ ಒಟ್ಟಿಗೆ ನಡೆಯುತ್ತವೆ. ಹೀಗಾಗಿ ಏಳು ಸಲ ಒಂದೇ ಪ್ರತ್ಯಯ ಬಂದರೂ ಏಕತಾನ ಅನ್ನಿಸುವುದಿಲ್ಲ. ಸಂಸ್ಕೃತದಲ್ಲಿ ಯತಿ ಅಂತ ನಿಲ್ಲುವ ಜಾಗ ಗೊತ್ತುಮಾಡಿದ್ದಾರೆ. ಕನ್ನಡದ ಕವಿಗಳು ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನನ್ನ ಪ್ರಕಾರ ಅದರಿಂದ ನಮಗೆ ಲಾಭವೇ ಆಯಿತು.

ಕೊನೆಯ ಸಾಲಿನ ನಕಾರಗಳನ್ನೂ ಬಿಡಬಾರದು. ನೆ, ನೆ, ನ್ನ, ನಂ, ನ. ಅದರೊಳಗೆ ಮನ, ಬನ ಅನ್ನುವ ಒಳಪ್ರಾಸ ಬೇರೆ. ಹಿಂದಿನ ಮೂರು ಸಾಲಿನಲ್ಲಿ ಒಂದೇ ಅಕ್ಷರ ಇಷ್ಟು ಒತ್ತೊತ್ತಾಗಿ ಬಂದಿಲ್ಲ. ಹಾಡುವವರು ಅಲ್ಲಿ ಬಂದಾಗ ದನಿ ತಾನಾಗಿ ಮೃದುವಾಗುತ್ತದೆ.

ವರದಾ_ತೀರ

ನಮ್ಮದು ಶಿರಸಿ ಕಡೆ. ಬನವಾಸಿ ನಮಗೆ ಹತ್ತಿರದ ಊರು. ವರದಾ ನದಿ, ಮಧುಕೇಶ್ವರ ದೇವಸ್ಥಾನ, ಸುತ್ತ ಗದ್ದೆ ತೋಟ. ಇಲ್ಲಿಯವರಿಗೆ ಈ ಪದ್ಯ ಬಾಯಿಪಾಠ, ಆದರೆ ಇದರ ಹಿಂದೆ ಮುಂದೆ ಇರುವ ಪದ್ಯಗಳನ್ನು ಯಾರೂ ಜೊತೆಗೆ ಓದುವುದಿಲ್ಲ. ಚರ್ಚೆ ಒಂದೇ ಪದ್ಯಕ್ಕೆ ನಿಂತರೆ ಪುನರಾವರ್ತನೆಯ ಅರ್ಧ ಭಾಗ ತಪ್ಪಿಹೋಗುತ್ತದೆ.

ಇದಕ್ಕೆ ಮುಂಚೆ ಎರಡು ಪದ್ಯ ಇವೆ. ಒಂದು ‘ಸೊಗಯಿಸಿ ಬಂದ ಮಾಮರನೆ’. ಅದರ ಕೊನೆ ‘ಬನವಾಸಿ ದೇಶದೊಳ್’. ಇನ್ನೊಂದು ‘ಚಾಗದ ಭೋಗದಕ್ಕರದ ಗೇಯದ ಗೊಟ್ಟಿಯಲಂಪಿನಿಂಪುಗಳ್’. ಅದರ ಕೊನೆ:

ಕೋಗಿಲೆಯಾಗಿ ಪುಟ್ಟುವುದು ನಂದನದೊಳ್ ಬನವಾಸಿ ದೇಶದೊಳ್

ಆಮೇಲೆ ನಮ್ಮ ಪದ್ಯ, ಅದರ ಕೊನೆ ‘ಬನವಾಸಿ ದೇಶಮಂ’. ಮೂರು ಪದ್ಯದ ಕೊನೆಯಲ್ಲೂ ಬನವಾಸಿ ದೇಶ. ಒಂದು ರೀತಿ ಪಲ್ಲವಿ. ಆದರೆ ಮೊದಲ ಎರಡರಲ್ಲಿ ‘ದೇಶದೊಳ್’, ಕವಿ ಆ ನಾಡಿನ ಒಳಗೆ ನಿಂತು ಮಾತಾಡುತ್ತಿದ್ದಾನೆ. ಮೂರನೆಯದರಲ್ಲಿ ‘ದೇಶಮಂ’. ಈಗ ಒಳಗೆ ಇಲ್ಲ, ದೂರದಲ್ಲಿದ್ದಾನೆ, ನಾಡನ್ನು ನೆನೆಯುತ್ತಿದ್ದಾನೆ. ಪಲ್ಲವಿಯ ಒಂದೇ ಒಂದು ವಿಭಕ್ತಿ ಬದಲಾಯಿತು, ಕವಿ ಊರಿನಿಂದ ಆಚೆ ಬಂದ.

ಒಂದೊಂದು ಪದ್ಯಕ್ಕೂ ಒಂದೊಂದು ಪ್ರತ್ಯಯದ ಓಟ ಇದೆ. ಮೊದಲನೆಯದರಲ್ಲಿ ಮಾಮರನೆ, ತಳ್ತೆಲೆವಳ್ಳಿಯೆ, ಸಂಪಗೆಯೆ, ಕೋಗಿಲೆಯೆ, ತುಂಬಿಯೆ, ನಲ್ಲರೆ. ಎಲ್ಲದಕ್ಕೂ ಒತ್ತಿ ಹೇಳುವ ಎಕಾರ. ಎರಡನೆಯದರಲ್ಲಿ ‘ಆಗಿ’: ಅವರಾಗಿ, ಏನಾಗಿಯುಂ, ಮರಿದುಂಬಿಯಾಗಿ, ಕೋಗಿಲೆಯಾಗಿ. ಮೂರನೆಯದರಲ್ಲಿ ‘ಒಡಂ’. ಮೊದಲು ಕಣ್ಣಿಗೆ ಕಂಡದ್ದು, ಆಮೇಲೆ ಅದೇ ಆಗಿ ಹುಟ್ಟಬೇಕು ಅನ್ನುವ ಆಸೆ, ಆಮೇಲೆ ಬರೀ ನೆನಪು.

ಪದಗಳೂ ಮರಳಿ ಬರುತ್ತವೆ. ಮೊದಲ ಪದ್ಯದ ಕೋಗಿಲೆ, ತುಂಬಿ (ದುಂಬಿ) ಎರಡನೆಯದರಲ್ಲಿ ಅವನು ಆಗಬಯಸುವ ಜೀವಗಳಾಗುತ್ತವೆ. ಎರಡನೆಯದರ ಗೇಯ (ಹಾಡು), ಅಲಂಪು (ಸುಖ) ಮೂರನೆಯದರಲ್ಲಿ ನೆನಪು ತರುವ ಸಂಗತಿಗಳಾಗುತ್ತವೆ. ಹಾಗಾಗಿ ಮೂರನೇ ಪದ್ಯದಲ್ಲಿ ‘ಗೇಯಂ ಕಿವಿವೊಕ್ಕೊಡಂ’ ಅಂತ ಓದುವಾಗ ನಮಗೂ ಆ ಹಾಡು ಈಗಾಗಲೇ ಪರಿಚಿತ. ಬನವಾಸಿ ನೋಡದ ಓದುಗನಿಗೂ ನೆನಪು ಮಾಡಿಕೊಳ್ಳಲು ಏನೋ ಇದೆ. ಒಂಟಿ ಪದ್ಯ ಓದಿದರೆ ಇದು ಸಿಗುವುದಿಲ್ಲ ಅಂತಲೇ ನಾನು ಇಷ್ಟು ಒತ್ತಿ ಹೇಳುತ್ತಿರುವುದು.

ಪಾಠ_ಹೇಳುವವಳು

ವರದಾ_ತೀರ ಅವರೇ, ಬಹಳ ಬಹಳ ಧನ್ಯವಾದ. ಅದಕ್ಕೆ ಛಂದಸ್ಸಿನ ಕಡೆಯಿಂದ ಒಂದು ಸೇರಿಸುತ್ತೇನೆ. ‘ಸೊಗಯಿಸಿ ಬಂದ’ ಇರುವುದು ಚಂಪಕಮಾಲೆಯಲ್ಲಿ, 21 ಅಕ್ಷರ. ಆದರೆ ಉತ್ಪಲಮಾಲೆಯ ಮೊದಲ ಗುರುವನ್ನು ಎರಡು ಲಘುವಾಗಿ ಒಡೆದರೆ ಅದೇ ಚಂಪಕಮಾಲೆ. ಮಾತ್ರೆ ಅಲ್ಲೂ 28. ಹಾಗಾಗಿ ‘ಬನವಾಸಿ ದೇಶ’ ಮೂರೂ ಪದ್ಯದಲ್ಲಿ ಅದೇ ಲಯದಲ್ಲಿ, ಅದೇ ಕೊನೆಯ ಏಳು ಅಕ್ಷರದಲ್ಲಿ ಬಂದು ಬೀಳುತ್ತದೆ. ಪ್ರಾಸ ಮಾತ್ರ ಬೇರೆ ಬೇರೆ: ಸೊಗ, ಪಗೆ, ನಗೆ ಸಿಂಹಪ್ರಾಸ; ಚಾಗ, ಗಾಗ, ನಾಗಿ, ಕೋಗಿ ಗಜಪ್ರಾಸ; ತೆಂಕ ವೃಷಭಪ್ರಾಸ. ಮೊದಲ ಎರಡು ಪದ್ಯಕ್ಕೂ ಗಕಾರವೇ ಪ್ರಾಸಾಕ್ಷರ ಅನ್ನುವುದನ್ನೂ ನೋಡಿ.

ಸಂಜೆ_ಓದು

ನಾನು ವಿಶ್ಲೇಷಣೆ ಬೇಡ ಅಂದವನು, ಆದರೂ ಎಲ್ಲ ಓದುತ್ತಿದ್ದೇನೆ. ಒಂದು ವಿಷಯ ಕಾಡುತ್ತಿದೆ. ಕಥೆಯ ಪ್ರಕಾರ ಅರ್ಜುನ ತೀರ್ಥಯಾತ್ರೆಯಲ್ಲಿ ಬನವಾಸಿಗೆ ಬಂದಿದ್ದಾನೆ. ಅಲ್ಲೇ ಇರುವವನು ಅದನ್ನು ನೆನೆಯುವುದು ಹೇಗೆ? ‘ಎನ್ನ ಮನಂ’ ಯಾರ ಮನಸ್ಸು?

ಲಘು_ಗುರು

ಪಂಪನದೇ ಅಂತ ಬಹಳ ಜನ ಓದುತ್ತಾರೆ, ನಾನೂ ಹಾಗೇ ಓದುತ್ತೇನೆ. ಅವನು ಆಗ ಇದ್ದದ್ದು ವೇಮುಲವಾಡದ ಚಾಳುಕ್ಯ ಅರಿಕೇಸರಿಯ ಆಸ್ಥಾನದಲ್ಲಿ. ಅದು ಈಗಿನ ತೆಲಂಗಾಣ. ಅವನ ತಮ್ಮ ಜಿನವಲ್ಲಭ ಹಾಕಿಸಿದ ಶಾಸನ ಕೂಡ ಆ ಕಡೆಯೇ, ಕುರ್ಕ್ಯಾಲದಲ್ಲಿ ಇದೆ, ಕನ್ನಡ, ಸಂಸ್ಕೃತ, ತೆಲುಗು ಮೂರೂ ಭಾಷೆಯಲ್ಲಿ. ಅಷ್ಟು ದೂರದಲ್ಲಿ ಕೂತವನಿಗೆ ‘ತೆಂಕಣ ಗಾಳಿ’ ಬರೀ ಕವಿಸಮಯದ, ಅಂದರೆ ಕವಿಗಳ ರೂಢಿಯ ಮಲಯಮಾರುತ ಅಲ್ಲ. ಅವನ ನಾಡು ಇರುವ ದಿಕ್ಕಿನಿಂದಲೇ ಬರುವ ಗಾಳಿ. ಪದ್ಯದ ಮೊದಲ ಪದ ದಿಕ್ಕು, ಕೊನೆಯ ಪದ ದೇಶ. ಅರ್ಜುನನ ಕಥೆ ಹೇಳುತ್ತಿದ್ದವನು ಈ ನಾಲ್ಕು ಸಾಲಿಗೆ ಅರ್ಜುನನನ್ನು ಪಕ್ಕಕ್ಕೆ ಸರಿಸಿದ್ದಾನೆ.

ಸಂಜೆ_ಓದು

ಆಸ್ಥಾನದಲ್ಲಿ ಸುಖವಾಗಿಯೇ ಇದ್ದನಲ್ಲ. ಪಟ್ಟಿಯಲ್ಲಿ ಇರುವುದೆಲ್ಲ ಸುಖಗಳೇ, ದುಃಖ ಒಂದೂ ಇಲ್ಲ. ಕಷ್ಟದಲ್ಲಿ ಊರು ನೆನಪಾಗುವುದು ಸಹಜ. ಸುಖ ಬಂದಾಗಲೂ ಅಲ್ಲಿಗೇ ಮನಸ್ಸು ಓಡಿದರೆ ಅದು ಬೇರೆ ಮಟ್ಟದ ಸಂಕಟ. ನನಗೆ ಪದ್ಯ ಮೊದಲಿಗಿಂತ ಹತ್ತಿರ ಆಯಿತು, ಇದನ್ನು ಮನಸಾರೆ ಹೇಳುತ್ತಿದ್ದೇನೆ.

ಗಮಕ_ಕೇಳುಗ

ಇದರ ಮುಂದಿನ ಪದ್ಯ ‘ಅಮರ್ದಂ ಮುಕ್ಕುಳಿಪಂತುಟಪ್ಪ’ ಅಂತ ಶುರುವಾಗುತ್ತದೆ. ಅದರಲ್ಲಿ ಬನವಾಸಿಯ ಪಲ್ಲವಿ ಇದೆಯಾ? ನನಗೆ ಅದರ ಧಾಟಿಯೇ ಬೇರೆ ಅನ್ನಿಸುತ್ತದೆ.

ವರದಾ_ತೀರ

ಇಲ್ಲ. ಅದರ ಕೊನೆ ಹೀಗಿದೆ: ‘ತೆಂಕನಾಡ ಮರೆಯಲ್ಕಿನ್ನೇಂ ಮನಂಬರ್ಕುಮೇ’. ತೆಂಕನಾಡನ್ನು ಮರೆಯಲು ಮನಸ್ಸು ಬರುತ್ತದೆಯೇ? ಬನವಾಸಿ ಅನ್ನುವ ಹೆಸರಿನ ಜಾಗಕ್ಕೆ ತೆಂಕನಾಡು ಬಂತು. ಹಿಂದಿನ ಪದ್ಯದ ‘ತೆಂಕಣ’ ಹೀಗೆ ಮರಳಿ ಬಂದಿದೆ.

ಪಾಠ_ಹೇಳುವವಳು

ಧಾಟಿ ಬೇರೆ ಅನ್ನಿಸುವುದು ಸರಿಯೇ ಇದೆ. ಅದು ಮತ್ತೇಭವಿಕ್ರೀಡಿತ. ಸ ಭ ರ ನ ಮ ಯ, ಆಮೇಲೆ ಲಘು ಗುರು. ಅಕ್ಷರ ಅಲ್ಲೂ 20, ಆದರೆ ನಡೆ ಪೂರ್ತಿ ಬೇರೆ. ನಡುವೆ ಮಗಣ ಇದೆ, ಸಾಲಾಗಿ ಮೂರು ಗುರು. ನೀವು ಕೊಟ್ಟ ಸಾಲಿನಲ್ಲಿ ಹಾಕಿ ನೋಡಿ: ತೆಂಕನಾ | ಡ ಮರೆ | ಯಲ್ಕಿನ್ನೇಂ | ಮನಂಬರ್ | ಕುಮೇ. ‘ಡ ಮರೆ’ ಮೂರು ಲಘು, ತಕ್ಷಣ ‘ಯಲ್ಕಿನ್ನೇಂ’ ಮೂರು ಗುರು. ‘ನೆನೆವು’ ಅನ್ನುವಾಗ ನಾಲಿಗೆ ಹಾರಿತ್ತು. ‘ಮರೆಯಲ್ಕಿನ್ನೇಂ’ ಅನ್ನುವಾಗ ಹಾರಲು ಹೊರಟು ಭಾರಕ್ಕೆ ನಿಂತುಬಿಡುತ್ತದೆ. ಮರೆಯುವುದು ಅಷ್ಟು ಸುಲಭ ಅಲ್ಲ ಅಂತ ಗಣವೇ ಹೇಳುತ್ತಿದೆ.

ನಾಲ್ಕು ಪದ್ಯಗಳಲ್ಲಿ ಮರೆವು ಅನ್ನುವ ಮಾತು ಬರುವುದು ಇದರಲ್ಲಿ ಮಾತ್ರ, ಅದೂ ಪ್ರಶ್ನೆಯಾಗಿ. ಮುಂದಿನ ಸಲ ತರಗತಿಯಲ್ಲಿ ನಾಲ್ಕನ್ನೂ ಒಟ್ಟಿಗೆ ಓದಿಸುತ್ತೇನೆ, ಪ್ರಸ್ತಾರ ಆಮೇಲೆ.

ಹೊಸ_ಓದುಗ

ಮೇಡಂ, ‘ಸೊಗಯಿಸಿ ಬಂದ ಮಾಮರನೆ’ ಪದ್ಯದ ಎಕಾರಗಳೂ ಹೀಗೇ ಕಂಬದಲ್ಲಿ ಬರುತ್ತವಾ ಅಂತ ನೋಡಲು ಪ್ರಸ್ತಾರ ಹಾಕುತ್ತಿದ್ದೇನೆ. ಮೊದಲ ಸಾಲು: ಸೊಗಯಿ | ಸಿ ಬಂದ | ಮಾಮರ | ನೆ ತಳ್ತೆ | ಲೆವಳ್ಳಿ | ಯೆ ಪೂತ | ಜಾತಿ ಸಂ. ಇಲ್ಲಿ ಎಕಾರ ಗಣದ ಕೊನೆಗೆ ಬರುವುದಿಲ್ಲ, ಮುಂದಿನ ಗಣದ ಮೊದಲ ಲಘುವಾಗಿ ಬರುತ್ತಿದೆ. ನಾಲ್ಕನೇ ಗಣದಲ್ಲಿ ಒಂದು, ಆರನೇ ಗಣದಲ್ಲಿ ಒಂದು. ಸರಿ ಇದೆಯಾ?

ಪಾಠ_ಹೇಳುವವಳು

ಪೂರ್ತಿ ಸರಿ. ಎರಡನೇ ಸಾಲು ಹಾಕಿ: ಪಗೆಯೆ | ಕುಕಿಲ್ವ | ಕೋಗಿಲೆ | ಯೆ ಪಾಡು | ವ ತುಂಬಿ | ಯೆ ನಲ್ಲ | ರೊಳ್ಮೊಗಂ. ಮತ್ತೆ ನಾಲ್ಕು, ಮತ್ತೆ ಆರು.